ಆರು ಗಂಟೆ ನಿದ್ದೆ ಮತ್ತು ಡಿಮೆನ್ಶಿಯಾ: ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ?

ಮುಂಜಾವು (ಪ್ರಶ್ನೆ)

ನಡುವಯಸ್ಸಿನಲ್ಲಿ ವರ್ಷಗಟ್ಟಲೆ ಐದೂವರೆ, ಆರು ಗಂಟೆ ಮಾತ್ರ ಮಲಗುವವರಿಗೆ ಮುಂದೆ ಡಿಮೆನ್ಶಿಯಾ (ನೆನಪು, ಅರಿವು ಕುಸಿಯುವ ಕಾಯಿಲೆ) ಬರುವ ಅಪಾಯ ಹೆಚ್ಚು ಎನ್ನುವ ಮಾತು ಈಗ ಎಲ್ಲೆಲ್ಲೂ ಓಡಾಡುತ್ತಿದೆ. ಓದುತ್ತಾ ಹೋದಷ್ಟೂ ಗೋಜಲು. ಗಾಢ ನಿದ್ದೆಯಲ್ಲಿ ಮಿದುಳು ತನ್ನ ಕಸ ತೊಳೆದುಕೊಳ್ಳುತ್ತದೆ ಅಂತ ಒಬ್ಬರು, ಅದೆಲ್ಲ ಇಲಿಗಳ ಮೇಲಿನ ಕಥೆ ಅಂತ ಇನ್ನೊಬ್ಬರು. ಒಂಬತ್ತು ಗಂಟೆ ಮಲಗಿದರೂ ಅಪಾಯವಂತೆ!

ಕೇಳಬೇಕಾಗಿರೋದು ಇಷ್ಟು. ಕಡಿಮೆ ನಿದ್ದೆಯೇ ಕಾಯಿಲೆಗೆ ಕಾರಣವೋ ಅಥವಾ ಕಾಯಿಲೆ ಒಳಗೊಳಗೇ ಶುರುವಾಗಿ ನಿದ್ದೆ ಕೆಡಿಸುತ್ತದೋ? ಗೊರಕೆ, ಉಸಿರುಕಟ್ಟುವಿಕೆ ಇದರಲ್ಲಿ ಎಷ್ಟರ ಮಟ್ಟಿಗೆ ಪಾತ್ರಧಾರಿ? ನಿದ್ದೆ ಮಾತ್ರೆ ನುಂಗಿ ಏಳು ಗಂಟೆ ಮಲಗಿದರೆ ಲೆಕ್ಕಕ್ಕೆ ಬರುತ್ತದೆಯೇ? ಕೈಗಡಿಯಾರ ತೋರಿಸುವ "ಗಾಢ ನಿದ್ದೆ 40 ನಿಮಿಷ" ಎಂಬ ಅಂಕಿಯನ್ನು ನಂಬಬಹುದೇ? "ಮೊಬೈಲ್ ದೂರ ಇಡಿ, ಬಿಸಿ ಹಾಲು ಕುಡಿಯಿರಿ" ಎಂಬ ಉತ್ತರ ದಯವಿಟ್ಟು ಬೇಡ. ವಿಷಯ ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಮಿದುಳಬಳ್ಳಿ

ಮೊದಲ ಪ್ರಶ್ನೆಯಿಂದಲೇ ಶುರು ಮಾಡೋಣ, ಉಳಿದವು ಅದರ ಮೇಲೇ ನಿಂತಿವೆ.

ಆರು ಗಂಟೆಯ ಮಾತು ಬಂದದ್ದು ಮುಖ್ಯವಾಗಿ ಬ್ರಿಟನ್ನಿನ ವೈಟ್‌ಹಾಲ್ 2 ಅಧ್ಯಯನದಿಂದ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸುತ್ತಿರುವ ಅಧ್ಯಯನ ಅದು. 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 7,959 ಜನರಿದ್ದರು, ಅವರಲ್ಲಿ 521 ಮಂದಿಗೆ ಡಿಮೆನ್ಶಿಯಾ ಬಂತು. 50, 60, 70 ಈ ಮೂರೂ ವಯಸ್ಸಿನಲ್ಲಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುತ್ತಿದ್ದವರಲ್ಲಿ, ಏಳು ಗಂಟೆಯವರಿಗಿಂತ ಅಪಾಯ ಶೇ. 30ರಷ್ಟು ಹೆಚ್ಚು ಕಂಡಿತು. ಈ 30 ಕೇಳಿ ಹೌಹಾರಬೇಡಿ. ಒಟ್ಟು ಗುಂಪಿನಲ್ಲಿ ಕಾಯಿಲೆ ಬಂದದ್ದೇ 100ಕ್ಕೆ ಆರೂವರೆ ಜನರಿಗೆ. ಅದರ ಮೇಲೆ ಶೇ. 30 ಎಂದರೆ ಒರಟು ಲೆಕ್ಕದಲ್ಲಿ 100ಕ್ಕೆ ಇನ್ನಿಬ್ಬರು ಸೇರಿದಂತೆ.

ಈ ಅಧ್ಯಯನಕ್ಕೆ ತೂಕ ಬರುವುದು ಅವಧಿಯಿಂದ. ಡಿಮೆನ್ಶಿಯಾದ ಅತಿ ಸಾಮಾನ್ಯ ರೂಪವಾದ ಅಲ್ಜೈಮರ್‌ನಲ್ಲಿ ಅಮಿಲಾಯ್ಡ್ ಬೀಟಾ ಎಂಬ ಪ್ರೋಟೀನು ಮಿದುಳಿನಲ್ಲಿ ಜಮೆಯಾಗಲು ಶುರುವಾಗುವುದು ಮರೆವು ಕಾಣಿಸುವ 15–20 ವರ್ಷ ಮೊದಲೇ. ಹಾಗಾಗಿ 72ರ ವಯಸ್ಸಿನವರ ನಿದ್ದೆ ಅಳೆದು ಐದು ವರ್ಷ ಕಾದು ನೋಡಿದರೆ ಏನೂ ತಿಳಿಯುವುದಿಲ್ಲ, ಕಾಯಿಲೆ ಆಗಲೇ ಮನೆ ಮಾಡಿರುತ್ತದೆ. ವೈಟ್‌ಹಾಲ್‌ನಲ್ಲಿ 50ರ ವಯಸ್ಸಿನ ನಿದ್ದೆಯ ಲೆಕ್ಕ ಇದೆ, ರೋಗ ಪತ್ತೆಯಾದ ಸರಾಸರಿ ವಯಸ್ಸು 77. ಅಂದರೆ ನಡುವೆ ಕಾಲು ಶತಮಾನದ ಅಂತರ. "ಕಾಯಿಲೆಯೇ ನಿದ್ದೆ ಕೆಡಿಸಿತು" ಎಂಬ ವಾದ ಇಲ್ಲಿ ದುರ್ಬಲವಾಗುತ್ತದೆ, ಆದರೆ ಪೂರ್ತಿ ಬಿದ್ದುಹೋಗುವುದಿಲ್ಲ. ಯಾಕೆಂದರೆ ಆನುವಂಶಿಕ ಮಾಹಿತಿ ಬಳಸಿ ಕಾರಣ–ಪರಿಣಾಮ ಬೇರ್ಪಡಿಸಲು ನೋಡಿದ ಅಧ್ಯಯನಗಳು ನಿದ್ದೆಯ ಅವಧಿಯೇ ಅಲ್ಜೈಮರ್ ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಕೊಟ್ಟಿಲ್ಲ.

ಒಂಬತ್ತು ಗಂಟೆಯ ವಿಷಯ ಬೇರೆಯೇ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ (2017) ಒಂಬತ್ತು ಗಂಟೆಗೂ ಹೆಚ್ಚು ಮಲಗುವ ವೃದ್ಧರಲ್ಲಿ ಅಪಾಯ ಸುಮಾರು ಎರಡು ಪಟ್ಟು ಇತ್ತು. ಅದರಲ್ಲೂ ಮೊದಲು ಕಡಿಮೆ ಮಲಗುತ್ತಿದ್ದು, ಇತ್ತೀಚೆಗೆ ನಿದ್ದೆ ಉದ್ದವಾದವರಲ್ಲಿ ಇದು ಎದ್ದು ಕಂಡಿತು. ಜಾಸ್ತಿ ಮಲಗಿದ್ದರಿಂದ ಕಾಯಿಲೆ ಬಂತು ಅಂತ ಇದನ್ನು ಓದಬಾರದು. ಎಚ್ಚರವನ್ನು ಕಾಯುವ ನರಕೋಶಗಳು ಸೊರಗಲು ಶುರುವಾದಾಗ ನಿದ್ದೆ ಉದ್ದವಾಗುತ್ತದೆ. ವಯಸ್ಸಾದವರು ಇದ್ದಕ್ಕಿದ್ದಂತೆ ಎರಡು ಗಂಟೆ ಜಾಸ್ತಿ ಮಲಗತೊಡಗಿದರೆ, ಹಗಲು ಗಂಟೆಗಟ್ಟಲೆ ತೂಕಡಿಸಿದರೆ ಅದನ್ನು ವೈದ್ಯರ ಗಮನಕ್ಕೆ ತರಬೇಕು. ಬಲವಂತವಾಗಿ ಎಬ್ಬಿಸಿ ಕೂರಿಸುವುದರಿಂದ ಏನೂ ಉಪಯೋಗವಿಲ್ಲ.

ಪ್ರಯೋಗಗಳೂ ಇವೆ. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಅಮಿಲಾಯ್ಡ್ ಎಚ್ಚರದಲ್ಲಿ ಏರಿ ನಿದ್ದೆಯಲ್ಲಿ ಇಳಿಯುವುದನ್ನು ತೋರಿಸಿತು. 2018ರಲ್ಲಿ 20 ಆರೋಗ್ಯವಂತರನ್ನು ಒಂದು ರಾತ್ರಿ ಎಚ್ಚರವಾಗಿಟ್ಟು ಪೆಟ್ ಸ್ಕ್ಯಾನ್ ಮಾಡಿದಾಗ ಮಿದುಳಿನ ಹಿಪೊಕ್ಯಾಂಪಸ್ ಮತ್ತು ಥಾಲಮಸ್ ಭಾಗದಲ್ಲಿ ಅಮಿಲಾಯ್ಡ್ ಸಂಕೇತ ಸುಮಾರು ಶೇ. 5 ಹೆಚ್ಚಿತ್ತು. 2019ರಲ್ಲಿ ನಿದ್ದೆಗೆಟ್ಟವರ ಬೆನ್ನುಹುರಿ ದ್ರವದಲ್ಲಿ ಟೌ (ಅಲ್ಜೈಮರ್‌ಗೆ ತಳಕು ಹಾಕಿಕೊಂಡ ಇನ್ನೊಂದು ಪ್ರೋಟೀನು) ಶೇ. 50ಕ್ಕೂ ಹೆಚ್ಚು ಏರಿದ್ದು ಕಂಡಿತು. ನರಕೋಶ ಚಟುವಟಿಕೆಯಲ್ಲಿದ್ದಷ್ಟೂ ಈ ಎರಡೂ ಹೊರಬರುತ್ತವೆ, ಗಾಢ ನಿದ್ದೆಯಲ್ಲಿ ಕೋಶಗಳು ಆಗಾಗ ಒಟ್ಟಿಗೆ ಮೌನವಾಗುವುದರಿಂದ ಉತ್ಪಾದನೆಯೇ ಕುಗ್ಗುತ್ತದೆ. ಇದಕ್ಕೆ "ತೊಳೆಯುವ" ವಾದವೇ ಬೇಕಾಗಿಲ್ಲ. ಆದರೆ ಒಂದು ರಾತ್ರಿ ಏರಿದ್ದು 20 ವರ್ಷದಲ್ಲಿ ಕಾಯಿಲೆಯಾಗುತ್ತದೆ ಎಂಬುದನ್ನು ಯಾವ ಪ್ರಯೋಗವೂ ತೋರಿಸಿಲ್ಲ.

ಇನ್ನೊಂದು ಮಾತು. ಡಿಮೆನ್ಶಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ತಡೆಯಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿತು. ಕಿವುಡುತನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎಲ್‌ಡಿಎಲ್ ಕೊಲೆಸ್ಟರಾಲ್, ಖಿನ್ನತೆ, ಒಂಟಿತನ ಎಲ್ಲ ಇವೆ. ನಿದ್ದೆ ಇಲ್ಲ. ನಿದ್ದೆ ಮುಖ್ಯವಲ್ಲ ಅಂತಲ್ಲ, ಪುರಾವೆ ಇನ್ನೂ ಆ ಮಟ್ಟ ಮುಟ್ಟಿಲ್ಲ. 50ರಲ್ಲಿ ರಕ್ತದೊತ್ತಡವನ್ನೇ ಅಳೆಸದೆ ನಿದ್ದೆಯ ನಿಮಿಷ ಎಣಿಸುತ್ತಾ ಕೂರುವುದು ತಲೆಕೆಳಗಾದ ಲೆಕ್ಕ.

ಸಂಶಯಪಿಶಾಚಿ

"ತೊಳೆಯುವ" ವಾದದ ಬಗ್ಗೆ ಮಾತ್ರ ಹೇಳುತ್ತೇನೆ, ಮೇಲಿನ ಉತ್ತರ ಅದನ್ನು ಬದಿಗೆ ಸರಿಸಿಬಿಟ್ಟಿತು.

ಮೈಕನ್ ನೆಡರ್‌ಗಾರ್ಡ್ ಅವರ ರೊಚೆಸ್ಟರ್ ತಂಡ 2012ರಲ್ಲಿ ಗ್ಲಿಂಫ್ಯಾಟಿಕ್ ವ್ಯವಸ್ಥೆಯನ್ನು ವಿವರಿಸಿತು: ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವ ರಕ್ತನಾಳಗಳ ಸುತ್ತಲಿನ ಸಂದಿಯಿಂದ ಒಳಹೊಕ್ಕು, ಕೋಶಗಳ ನಡುವೆ ಹರಿದು, ತ್ಯಾಜ್ಯ ಹೊತ್ತು ಹೊರಬರುತ್ತದೆ. 2013ರಲ್ಲಿ ಅದೇ ತಂಡ ಮಲಗಿದ ಇಲಿಗಳಲ್ಲಿ ಕೋಶಗಳ ನಡುವಿನ ಜಾಗ ಸುಮಾರು ಶೇ. 60 ಹಿಗ್ಗುತ್ತದೆ ಎಂದಿತು. ಎಲ್ಲ ಲೇಖನಗಳೂ ಇಲ್ಲಿಗೆ ನಿಲ್ಲುತ್ತವೆ.

2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಬೇರೆ ವಿಧಾನದಲ್ಲಿ ಅಳೆದು ಇದಕ್ಕೆ ತದ್ವಿರುದ್ಧ ಫಲಿತಾಂಶ ಕೊಟ್ಟಿತು. ನಿದ್ದೆ ಮತ್ತು ಅರಿವಳಿಕೆಯಲ್ಲಿ ಇಲಿಗಳ ಮಿದುಳಿಗೆ ಚುಚ್ಚಿದ ಬಣ್ಣದ ಅಣುಗಳು ಹೊರಹೋಗುವ ವೇಗ ಕಡಿಮೆಯಾಗುತ್ತದೆ ಅಂತ. ನೆಡರ್‌ಗಾರ್ಡ್ ಕಡೆಯವರು ವಿಧಾನವನ್ನೇ ಆಕ್ಷೇಪಿಸಿದರು: ಸೂಜಿ ಚುಚ್ಚಿ ಅಂಗಾಂಶಕ್ಕೆ ಪೆಟ್ಟಾದರೆ ಹರಿವು ಕೆಡುತ್ತದೆ ಎಂದು. 2025ರ ಆರಂಭದಲ್ಲಿ ಅವರದೇ ಹೊಸ ಕೆಲಸ ಬಂತು: ಗಾಢ ನಿದ್ದೆಯಲ್ಲಿ ನಾರ್‌ಎಪಿನೆಫ್ರಿನ್ ಎಂಬ ಮಿದುಳಿನ ರಾಸಾಯನಿಕ ನಿಧಾನವಾಗಿ ಏರಿಳಿಯುತ್ತದೆ, ಅದರೊಂದಿಗೆ ರಕ್ತನಾಳಗಳು ಹಿಗ್ಗಿ ಕುಗ್ಗಿ ದ್ರವವನ್ನು ತಳ್ಳುತ್ತವೆ. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಕೊಟ್ಟ ಇಲಿಗಳು ಬೇಗ ಮಲಗಿದವು, ಆದರೆ ಆ ಏರಿಳಿತ ಮಂಕಾಗಿ ಹರಿವು ಕುಗ್ಗಿತು. ಇದೂ ಇಲಿಗಳಲ್ಲೇ ಅನ್ನುವುದನ್ನು ಮರೆಯಬೇಡಿ. ಸದ್ಯಕ್ಕೆ ಇದು ತೀರ್ಮಾನವಾಗದ ವ್ಯಾಜ್ಯ. "ಈ ಭಂಗಿಯಲ್ಲಿ ಮಲಗಿದರೆ ಮಿದುಳು ಶುದ್ಧ" ಎಂದು ಯಾರಾದರೂ ದಿಂಬು ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

ಉಸಿರುಗಾರ

ಎರಡನೇ ಪ್ರಶ್ನೆಗೆ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಲಾಭ ಇರುವುದು ಇಲ್ಲೇ, ಗಂಟೆ ಎಣಿಸುವುದರಲ್ಲಿ ಅಲ್ಲ.

ಸ್ಲೀಪ್ ಆಪ್ನಿಯಾದಲ್ಲಿ ಗಂಟಲು ಕುಸಿದು ಉಸಿರು 10 ಸೆಕೆಂಡಿಗೂ ಹೆಚ್ಚು ನಿಲ್ಲುತ್ತದೆ ಅಥವಾ ತೀರಾ ಕ್ಷೀಣಿಸುತ್ತದೆ. ಆಮ್ಲಜನಕ ಬೀಳುತ್ತದೆ, ಮಿದುಳು ಅರೆಕ್ಷಣ ಎಚ್ಚೆತ್ತು ಗಂಟಲು ಬಿಗಿ ಮಾಡುತ್ತದೆ. ಮಲಗಿದವರಿಗೆ ಇದರ ಅರಿವೇ ಇರುವುದಿಲ್ಲ. ರಾತ್ರಿ ಶೇ. 10ರಿಂದ 20ರಷ್ಟು ಇಳಿಯಬೇಕಾದ ರಕ್ತದೊತ್ತಡ ಇಳಿಯದೆ ಉಳಿಯುತ್ತದೆ. ಮಿದುಳಿನ ಸಣ್ಣ ರಕ್ತನಾಳಗಳು ಸವೆಯುವುದು ಹೀಗೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಾಸರಿ 82 ವಯಸ್ಸಿನ 298 ಮಹಿಳೆಯರನ್ನು ಸುಮಾರು ಐದು ವರ್ಷ ಗಮನಿಸಿದರು. ಉಸಿರಾಟದ ತೊಂದರೆ ಇದ್ದವರಲ್ಲಿ ಶೇ. 44.8 ಮಂದಿಗೆ, ಇಲ್ಲದವರಲ್ಲಿ ಶೇ. 31.1 ಮಂದಿಗೆ ಸೌಮ್ಯ ಅರಿವಿನ ಕುಸಿತ ಅಥವಾ ಡಿಮೆನ್ಶಿಯಾ ಬಂತು. ಗಮನಿಸಬೇಕಾದ್ದು: ತಳಕು ಕಂಡದ್ದು ಆಮ್ಲಜನಕ ಬೀಳುವುದರ ಜೊತೆ, ನಿದ್ದೆ ತುಂಡಾಗುವುದರ ಜೊತೆ ಅಲ್ಲ.

ಶಂಕೆ ಇದ್ದರೆ ಮೊದಲು ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಬೇರೆಯವರು ನೋಡಿದ್ದು, ರಕ್ತದೊತ್ತಡ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 35 ಮೀರಿದ್ದು, ವಯಸ್ಸು 50 ಮೀರಿದ್ದು, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದ್ದು, ಗಂಡಸು. ಮೂರು "ಹೌದು" ಬಂದರೆ ಮಧ್ಯಮ ಅಪಾಯ, ಐದು ಬಂದರೆ ಹೆಚ್ಚು. ತೆಳ್ಳಗಿರುವ ಹೆಂಗಸರಲ್ಲಿ ಈ ಪಟ್ಟಿ ಕೈಕೊಡುತ್ತದೆ, ಅವರಿಗೆ ಅಂಕವೇ ಏರುವುದಿಲ್ಲ. ಅಂಥವರಲ್ಲಿ ಬೆಳಗಿನ ತಲೆನೋವು, ಮಾತ್ರೆಗೂ ಬಗ್ಗದ ರಕ್ತದೊತ್ತಡ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು ಇವನ್ನು ನೋಡಬೇಕು. ಮೂತ್ರಕ್ಕೂ ಉಸಿರಿಗೂ ಏನು ಸಂಬಂಧ ಅಂತ ಕೇಳಬಹುದು. ಮುಚ್ಚಿದ ಗಂಟಲಿನ ವಿರುದ್ಧ ಉಸಿರೆಳೆದಾಗ ಎದೆಯೊಳಗೆ ಒತ್ತಡ ತಗ್ಗಿ ಹೃದಯಕ್ಕೆ ರಕ್ತ ನುಗ್ಗುತ್ತದೆ, ಮೇಲ್ಕೋಣೆ ಹಿಗ್ಗುತ್ತದೆ, "ನೀರು ಜಾಸ್ತಿಯಾಯಿತು" ಎಂದು ಅದು ಮೂತ್ರ ಹೆಚ್ಚಿಸುವ ಹಾರ್ಮೋನು ಸುರಿಸುತ್ತದೆ. ಎಷ್ಟೋ ಜನ ಇದನ್ನು ಪ್ರಾಸ್ಟೇಟ್ ತೊಂದರೆ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತಾರೆ.

ನಿದ್ದೆ ಪರೀಕ್ಷೆಯ ವರದಿಯಲ್ಲಿ ಎಎಚ್‌ಐ ನೋಡಿ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ತಡೆಯಿತು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ಮೀರಿದರೆ ತೀವ್ರ. ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲಿ ಒಂದು ತೊಡಕು ಇದೆ. ಬಹುತೇಕ ಮನೆ ಯಂತ್ರಗಳು ಮಿದುಳಿನ ಅಲೆ ಅಳೆಯುವುದಿಲ್ಲ, ಹಾಗಾಗಿ ನಿದ್ದೆಯ ಗಂಟೆ ಗೊತ್ತಿಲ್ಲದೆ ಯಂತ್ರ ಓಡಿದ ಗಂಟೆಯಿಂದ ಭಾಗಿಸುತ್ತವೆ. 90 ಸಲ ಉಸಿರು ತಡೆದಿದೆ, ಯಂತ್ರ ಏಳೂವರೆ ಗಂಟೆ ಓಡಿದೆ ಎಂದರೆ ವರದಿ 12 ಅನ್ನುತ್ತದೆ, ಸೌಮ್ಯ. ಆದರೆ ನಿಜವಾಗಿ ಮಲಗಿದ್ದು ಐದೇ ಗಂಟೆ ಆಗಿದ್ದರೆ ಅದು 18, ಮಧ್ಯಮ. ನಿದ್ದೆಯೇ ಬಾರದವರಲ್ಲಿ ಈ ತಪ್ಪು ಇನ್ನೂ ದೊಡ್ಡದು. ಲಕ್ಷಣ ಜೋರಾಗಿದ್ದು ಮನೆ ಪರೀಕ್ಷೆ "ಏನಿಲ್ಲ" ಅಂದರೆ ಪ್ರಯೋಗಾಲಯದ ಪೂರ್ಣ ಪರೀಕ್ಷೆ ಕೇಳಿ.

ಸಿಪ್ಯಾಪ್ ಯಂತ್ರ (ಗಂಟಲು ಕುಸಿಯದಂತೆ ಮಾಸ್ಕಿನ ಮೂಲಕ ಗಾಳಿ ಒತ್ತುವ ಯಂತ್ರ) ಕೊಟ್ಟ ಮೇಲೆ ಜನ ಎಡವುವ ಜಾಗಗಳು ಇವು.

ಮಾಸ್ಕ್ ಸೋರುತ್ತದೆ ಅಂತ ಪಟ್ಟಿ ಬಿಗಿಯುತ್ತಾರೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ಅಂಚಿನ ಸಿಲಿಕೋನು ಗಾಳಿ ತುಂಬಿ ಉಬ್ಬಿ ಮುಖಕ್ಕೆ ಕೂರಬೇಕು, ಅತಿ ಬಿಗಿದರೆ ಮಡಚಿಕೊಳ್ಳುತ್ತದೆ. ಕೂತು ಹಾಕಿಕೊಳ್ಳಬೇಡಿ, ಮಲಗಿ, ಯಂತ್ರ ಚಾಲೂ ಮಾಡಿ, ಮಾಸ್ಕನ್ನು ಮುಖದಿಂದ ತುಸು ಎತ್ತಿ ಮತ್ತೆ ಕೂರಿಸಿ, ಆಮೇಲೆ ಪಟ್ಟಿ ಹೊಂದಿಸಿ. ಮುಖದ ಎಣ್ಣೆ ಅಂಟಿದ ಅಂಚೂ ಜಾರುತ್ತದೆ, ದಿನಾ ಸೌಮ್ಯ ಸಾಬೂನಿನಿಂದ ಒರೆಸಬೇಕು.

ಬೆಳಗ್ಗೆ ಬಾಯಿ ಒಣಗಿದ್ದರೆ ಮೂಗಿನ ಮಾಸ್ಕ್ ಹಾಕಿಕೊಂಡು ಬಾಯಿಯಿಂದ ಗಾಳಿ ಬಿಡುತ್ತಿದ್ದೀರಿ ಎಂದರ್ಥ. ಮೊದಲು ಮೂಗಿನ ಕಟ್ಟು ಬಿಡಿಸಿ, ತೇವಾಂಶ ಹೆಚ್ಚಿಸಿ, ಆಗಲೂ ಬಗ್ಗದಿದ್ದರೆ ಬಾಯಿಯನ್ನೂ ಮುಚ್ಚುವ ಮಾಸ್ಕ್. ಕೊಳವೆಯಲ್ಲಿ ನೀರು ಗುಳುಗುಳು ಅಂದರೆ ತೇವಾಂಶ ಜಾಸ್ತಿ ಅಥವಾ ಕೋಣೆ ತಣ್ಣಗಿದೆ: ಬಿಸಿ ಕೊಳವೆ ಬಳಸಿ ಅಥವಾ ತೇವಾಂಶ ಒಂದು ಹಂತ ಇಳಿಸಿ.

ಎಲ್ಲಕ್ಕಿಂತ ದೊಡ್ಡ ತಪ್ಪು, ನಾಲ್ಕು ಗಂಟೆ ಹಾಕಿಕೊಂಡು ಕಿತ್ತಿಡುವುದು. ರೆಮ್ ನಿದ್ದೆಯ (ಹೆಚ್ಚು ಕನಸು ಬೀಳುವ ಹಂತ) ಬಹುಪಾಲು ಬರುವುದು ರಾತ್ರಿಯ ಎರಡನೇ ಅರ್ಧದಲ್ಲಿ. ಆಗ ಸ್ನಾಯುಗಳು ಪೂರ್ತಿ ಸಡಿಲವಾಗಿ ಗಂಟಲು ಹೆಚ್ಚು ಕುಸಿಯುತ್ತದೆ, ಆಮ್ಲಜನಕ ಆಳಕ್ಕೆ ಬೀಳುತ್ತದೆ. ಅಂದರೆ ಅತಿ ಕೆಟ್ಟ ಹೊತ್ತಿಗೇ ಯಂತ್ರ ಪಕ್ಕದಲ್ಲಿರುತ್ತದೆ. "ನಾಲ್ಕು ಗಂಟೆ ಬಳಕೆ" ಎಂಬುದು ಲೆಕ್ಕಪತ್ರದ ಕನಿಷ್ಠ, ಚಿಕಿತ್ಸೆಯ ಗುರಿಯಲ್ಲ. ಯಂತ್ರದ ದಾಖಲೆಯಲ್ಲಿ ಉಳಿಕೆ ಎಎಚ್‌ಐ (ಯಂತ್ರ ಹಾಕಿದ ಮೇಲೂ ಉಳಿದದ್ದು) 5ಕ್ಕಿಂತ ಕೆಳಗಿರಬೇಕು, ಬಳಕೆಯ ಗಂಟೆ ನಿದ್ದೆಯ ಗಂಟೆಗೆ ಸಮನಾಗಿರಬೇಕು.

ಸಿಪ್ಯಾಪ್ ಡಿಮೆನ್ಶಿಯಾ ತಡೆಯುತ್ತದೆ ಎಂದು ದೊಡ್ಡ ಯಾದೃಚ್ಛಿಕ ಪ್ರಯೋಗದಿಂದ ಸಾಬೀತಾಗಿಲ್ಲ. ಹಗಲಿನ ತೂಕಡಿಕೆ ಹೋಗುತ್ತದೆ, ರಕ್ತದೊತ್ತಡ ತುಸು ಇಳಿಯುತ್ತದೆ. ಹಾಕಿಕೊಳ್ಳಲು ಅಷ್ಟು ಸಾಕು.

ಗುಳಿಗೆ

ಮಾತ್ರೆಗಳ ಪ್ರಶ್ನೆಗೆ ಉತ್ತರ: ಮಾತ್ರೆಯಿಂದ ಬಂದ ಏಳು ಗಂಟೆಯನ್ನು ಸಹಜವಾಗಿ ಬಂದ ಏಳು ಗಂಟೆಗೆ ಸಮ ಅಂತ ಯಾರೂ ತೋರಿಸಿಲ್ಲ.

ಡಯಜೆಪಾಮ್, ಕ್ಲೊನಜೆಪಾಮ್, ಅಲ್‌ಪ್ರಜೊಲಾಮ್ ಜಾತಿಯ ಮಾತ್ರೆಗಳು ಗಾಢ ನಿದ್ದೆಯ ಅಲೆಗಳನ್ನು ತಗ್ಗಿಸುತ್ತವೆ. ಅವು ಡಿಮೆನ್ಶಿಯಾ ತರುತ್ತವೋ ಇಲ್ಲವೋ ಎಂಬುದರಲ್ಲಿ ಅಧ್ಯಯನಗಳು ಒಡೆದಿವೆ, ಯಾಕೆಂದರೆ ಕಾಯಿಲೆಯ ಆರಂಭದ ಕಳವಳ, ನಿದ್ದೆಗೇಡಿಗೇ ಈ ಮಾತ್ರೆ ಬರೆದಿರುತ್ತಾರೆ. ಆದರೆ ವಯಸ್ಸಾದವರಲ್ಲಿ ಬೀಳುವುದು, ಸೊಂಟ ಮುರಿಯುವುದು, ಹಗಲು ಮಂಕು ಇವುಗಳಲ್ಲಿ ಅನುಮಾನವಿಲ್ಲ. ಈ ಚರ್ಚೆ ಓದಿ ಮಾತ್ರೆಯನ್ನು ಇವತ್ತೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡದ್ದನ್ನು ತಟಕ್ಕನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದು ವಾಡಿಕೆ, ಎರಡು ವಾರದಲ್ಲಿ ಶೇ. 25 ಮೀರಬಾರದು. ಕೊನೆಯ ಕಾಲು ಭಾಗ ಅತಿ ಕಷ್ಟ, ಅಲ್ಲಿ ಆತುರ ಬೇಡ.

ಇದಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಅಸಿಟೈಲ್‌ಕೋಲಿನ್‌ಗೆ ಅಡ್ಡ ಬರುವ ಔಷಧಿಗಳ ಕಡೆ. ನೆನಪಿನ ಕೆಲಸಕ್ಕೆ ಬೇಕಾದ ರಾಸಾಯನಿಕ ಅದು, ಅಲ್ಜೈಮರ್‌ನಲ್ಲಿ ಮೊದಲು ಸೊರಗುವುದೂ ಅದೇ. ನಿದ್ದೆಗೆಂದು ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರಕೋಶಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಈ ಗುಂಪಿನವು. 2019ರ ಬ್ರಿಟಿಷ್ ಅಧ್ಯಯನದಲ್ಲಿ ಇಂಥವನ್ನು ಮೂರು ವರ್ಷಕ್ಕೆ ಸಮನಾದಷ್ಟು ಡೋಸ್ ತೆಗೆದುಕೊಂಡವರಲ್ಲಿ ಡಿಮೆನ್ಶಿಯಾ ಸುಮಾರು ಶೇ. 50 ಹೆಚ್ಚು ಕಂಡಿತು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಡೈಫೆನ್‌ಹೈಡ್ರಮಿನ್‌ನಂಥ ಅಲರ್ಜಿ ಮಾತ್ರೆಗಳ ಗುಂಪಿಗೆ ಆ ಅಧ್ಯಯನದಲ್ಲಿ ನಂಟು ಕಾಣಲಿಲ್ಲ. ಆದರೂ ಮುದುಕರಿಗೆ ಕೊಡಬೇಡಿ. ಮೂತ್ರ ಕಟ್ಟುತ್ತದೆ, ರಾತ್ರಿ ಗಲಿಬಿಲಿ ಹುಟ್ಟುತ್ತದೆ, ನಾಲ್ಕು ದಿನದಲ್ಲಿ ನಿದ್ದೆಯ ಪರಿಣಾಮವೂ ಮಾಯ. ಉಸಿರುಗಾರ ಹೇಳಿದ ಕಥೆಗೆ ಇದನ್ನು ಜೋಡಿಸಿ ನೋಡಿ: ಆಪ್ನಿಯಾದಿಂದ ರಾತ್ರಿ ಮೂತ್ರ, ಅದಕ್ಕೆ ಆಕ್ಸಿಬ್ಯುಟಿನಿನ್, ನಿದ್ದೆಗೇಡಿಗೆ ಕ್ಲೊನಜೆಪಾಮ್, ಅದರಿಂದ ಗಂಟಲು ಇನ್ನಷ್ಟು ಸಡಿಲ. ಮೂಲ ತೊಂದರೆ ಹಾಗೇ ಇದೆ, ಮಾತ್ರೆ ಎರಡಾಯಿತು.

ಎಚ್ಚರವಾಗಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಡೆಯುವ ನಿದ್ದೆ ಮಾತ್ರೆ ಸುವೊರೆಕ್ಸಾಂಟ್ ಬಗ್ಗೆ ಸದ್ದು ಇದೆ. 2023ರ ಪ್ರಯೋಗದಲ್ಲಿ 45ರಿಂದ 65 ವಯಸ್ಸಿನ 38 ಮಂದಿಯಲ್ಲಿ ಬೆನ್ನುಹುರಿ ದ್ರವದ ಅಮಿಲಾಯ್ಡ್ ಶೇ. 10–20 ಇಳಿಯಿತು. ಎರಡೇ ರಾತ್ರಿಯ ಮಾತು. ಡಿಮೆನ್ಶಿಯಾ ತಡೆಯಲೆಂದು ಅದನ್ನು ನುಂಗಲು ಇದು ಆಧಾರವಲ್ಲ.

ಮುಂಜಾವು

ಎಲ್ಲರಿಗೂ ಧನ್ಯವಾದ. ಹಾಗಾದರೆ ಗೊರಕೆ ಇಲ್ಲ, ಮಾತ್ರೆ ಇಲ್ಲ, ಹಾಸಿಗೆಯಲ್ಲಿ ಎಂಟು ಗಂಟೆ ಬಿದ್ದುಕೊಂಡರೂ ನಿದ್ದೆ ಐದೂವರೆ ಅನ್ನುವವರು ಏನು ಮಾಡಬೇಕು? ಗಡಿಯಾರದ ಅಂಕಿಯ ಬಗ್ಗೆಯೂ ಯಾರೂ ಹೇಳಲಿಲ್ಲ.

ನಿದ್ದೆಲೆಕ್ಕ

ಮೊದಲು ಎರಡು ಜಾತಿ ಬೇರ್ಪಡಿಸಿ. ಮಲಗಲು ಸಮಯ ಕೊಡದೆ ಆರು ಗಂಟೆ ಮಲಗುವವರು ಬೇರೆ, ಸಮಯ ಕೊಟ್ಟರೂ ಬಾರದವರು ಬೇರೆ. ಎರಡು ವಾರ ರಜೆಯಲ್ಲಿ ಅಲಾರಂ ಇಲ್ಲದೆ ಮಲಗಿ ನೋಡಿದರೆ ತಿಳಿಯುತ್ತದೆ. ಮೊದಲ ಕೆಲವು ದಿನ ಬಾಕಿ ತೀರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡನೇ ವಾರವೂ ಏಳೂವರೆ ಗಂಟೆ ಮಲಗಿದರೆ ನಿಮ್ಮ ಅಗತ್ಯವೇ ಅಷ್ಟು, ನೀವು ನಿದ್ದೆಯ ಹೊತ್ತನ್ನು ಕದಿಯುತ್ತಿದ್ದೀರಿ. ಅದಕ್ಕೆ ಚಿಕಿತ್ಸೆ ಇಲ್ಲ, ಬೇಗ ಮಲಗಬೇಕು, ಅಷ್ಟೇ. "ನನ್ನ ದೇಹಕ್ಕೆ ಐದು ಗಂಟೆ ಸಾಕು" ಎನ್ನುವವರಲ್ಲಿ ಜೀನಿನಿಂದಲೇ ಹಾಗಿರುವವರು ಅತಿ ವಿರಳ.

ನೀವು ಹೇಳಿದ್ದು ಎರಡನೇ ಜಾತಿ. ಇದಕ್ಕೆ ಮೊದಲ ಚಿಕಿತ್ಸೆ ಸಿಬಿಟಿ-ಐ (ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವ ಚಿಕಿತ್ಸೆ), ಮಾತ್ರೆ ಅಲ್ಲ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಹಾಗೆಂದಿದೆ. ಅದರ ತಿರುಳು ಹಾಸಿಗೆಯ ಸಮಯ ಕತ್ತರಿಸುವುದು.

ಎರಡು ವಾರ ದಿನಚರಿ ಬರೆಯಿರಿ: ಎಷ್ಟಕ್ಕೆ ಹಾಸಿಗೆ, ಅಂದಾಜು ಎಷ್ಟಕ್ಕೆ ನಿದ್ದೆ, ನಡುವೆ ಎಷ್ಟು ಎಚ್ಚರ, ಎಷ್ಟಕ್ಕೆ ಎದ್ದದ್ದು. ಬೆಳಗ್ಗೆ ಬರೆಯಿರಿ, ರಾತ್ರಿ ಗಡಿಯಾರ ನೋಡಬೇಡಿ. ಸರಾಸರಿ ಹಾಸಿಗೆಯಲ್ಲಿ 495 ನಿಮಿಷ, ನಿದ್ದೆ 330 ನಿಮಿಷ ಅಂದುಕೊಳ್ಳಿ. 330ನ್ನು 495ರಿಂದ ಭಾಗಿಸಿದರೆ ದಕ್ಷತೆ ಶೇ. 67. ಏಳುವ ಹೊತ್ತು ಬೆಳಗ್ಗೆ 6:00 ಎಂದು ಗಟ್ಟಿ ಮಾಡಿ, ಭಾನುವಾರವೂ ಅದೇ. ಅಲ್ಲಿಂದ ಐದೂವರೆ ಗಂಟೆ ಹಿಂದಕ್ಕೆ ಎಣಿಸಿ. ಹಾಸಿಗೆಗೆ ಹೋಗುವುದು ರಾತ್ರಿ 12:30ಕ್ಕೆ, ಅದಕ್ಕೂ ಮೊದಲು ಇಲ್ಲ. ಒಂದು ವಾರದ ನಂತರ 330ರಲ್ಲಿ 300 ನಿಮಿಷ ನಿದ್ದೆ ಬಂದಿದ್ದರೆ ಶೇ. 91. ಶೇ. 85 ದಾಟಿತಲ್ಲ, 15 ನಿಮಿಷ ಸೇರಿಸಿ 12:15 ಮಾಡಿ. ಶೇ. 80ರಿಂದ 85 ಇದ್ದರೆ ಹಾಗೇ ಬಿಡಿ, 80ರ ಕೆಳಗಿದ್ದರೆ 15 ನಿಮಿಷ ಕಡಿಮೆ ಮಾಡಿ. ಐದು ಗಂಟೆಗಿಂತ ಕೆಳಗೆ ಮಾತ್ರ ಯಾವತ್ತೂ ಇಳಿಸಬೇಡಿ. ಹಾಸಿಗೆಯಲ್ಲಿ 15–20 ನಿಮಿಷ ಎಚ್ಚರವಿದ್ದಂತೆ ಅನಿಸಿದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮಾತ್ರ ವಾಪಸ್.

ಕಡಿಮೆ ನಿದ್ದೆಗೆ ಹೆದರಿ ಬಂದವರಿಗೆ ಇನ್ನೂ ಕಡಿಮೆ ಮಲಗು ಅನ್ನುವುದು ವಿಚಿತ್ರವಾಗಿ ಕೇಳುತ್ತದೆ, ನಿಜ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ನಿದ್ದೆಯ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಗಾಢ ನಿದ್ದೆಯ ಅಲೆ ದೊಡ್ಡದಾಗುತ್ತದೆ. ಎಂಟು ಗಂಟೆಗೆ ತೆಳುವಾಗಿ ಹರಡಿದ್ದನ್ನು ಮೊದಲು ಗಟ್ಟಿ ಮಾಡಿ, ಆಮೇಲೆ ಹಿಗ್ಗಿಸುತ್ತೇವೆ. ಆರರಿಂದ ಎಂಟು ವಾರ ಹಿಡಿಯುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಮೊದಲ ಎರಡು ವಾರದಲ್ಲೇ, ಆಗ ಹಗಲು ನಿಜಕ್ಕೂ ಕಷ್ಟ. ದೂರ ವಾಹನ ಓಡಿಸುವ ಕೆಲಸದವರು, ಫಿಟ್ಸ್ ಇರುವವರು, ಬೈಪೋಲಾರ್ ಇರುವವರು, ಆಪ್ನಿಯಾಗೆ ಚಿಕಿತ್ಸೆ ಆಗದವರು ಸ್ವಂತವಾಗಿ ಇದಕ್ಕೆ ಕೈಹಾಕಬಾರದು. 70 ದಾಟಿದವರಿಗೆ ಒಮ್ಮೆಲೇ ಕತ್ತರಿಸುವ ಬದಲು ವಾರಕ್ಕೆ 15–30 ನಿಮಿಷದಂತೆ ಹಾಸಿಗೆಯ ಸಮಯ ಇಳಿಸುವುದು ಒಳ್ಳೆಯದು.

ಕಾಫಿಯ ಬಗ್ಗೆ ಒಂದೇ ಸಾಲು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿ.ಗ್ರಾಂ. ಒಂದು ಗಂಟೆಗೂ ಹೆಚ್ಚು ನಿದ್ದೆ ತಿಂದದ್ದನ್ನು ಪ್ರಯೋಗ ತೋರಿಸಿದೆ.

ಇನ್ನು ಗಡಿಯಾರ. ಪ್ರಯೋಗಾಲಯದಲ್ಲಿ ಗಾಢ ನಿದ್ದೆ ಎಂದು ಗುರುತು ಹಾಕಲು ತಲೆಯ ಮೇಲಿನ ವಿದ್ಯುದಗ್ರ (ಎಲೆಕ್ಟ್ರೋಡ್) ಬೇಕು: 30 ಸೆಕೆಂಡಿನ ಒಂದು ತುಣುಕಿನಲ್ಲಿ ಕನಿಷ್ಠ 6 ಸೆಕೆಂಡು, 75 ಮೈಕ್ರೊವೋಲ್ಟ್ ಮೀರಿದ ನಿಧಾನ ಅಲೆ ಇರಬೇಕು. ಕೈಗಡಿಯಾರ ನೋಡುವುದು ನಾಡಿ ಮತ್ತು ಅಲುಗಾಟ, ಉಳಿದದ್ದು ಊಹೆ. ಮಲಗಿದ ಹೊತ್ತು, ಎದ್ದ ಹೊತ್ತು ಪರವಾಗಿಲ್ಲ; ಅಲುಗದೆ ಎಚ್ಚರ ಬಿದ್ದುಕೊಂಡವರನ್ನು ಮಲಗಿದ್ದಾರೆ ಅನ್ನುತ್ತದೆ. ಇನ್ನೊಂದು, ವಯಸ್ಸಾದಂತೆ ಅಲೆಯ ಎತ್ತರವೇ ತಗ್ಗುತ್ತದೆ, ಹಾಗಾಗಿ ಪ್ರಯೋಗಾಲಯದ ಎಣಿಕೆಯಲ್ಲೂ ಮುದುಕರ ಗಾಢ ನಿದ್ದೆ ಕಡಿಮೆ ಬರುತ್ತದೆ. ಒಂದೇ ರಾತ್ರಿಯ ಅಂಕಿಗೆ ಅರ್ಥವಿಲ್ಲ. 2023ರಲ್ಲಿ ಫ್ರೇಮಿಂಗ್‌ಹ್ಯಾಮ್‌ನ 346 ವೃದ್ಧರಲ್ಲಿ ನೋಡಿದ್ದು ಒಬ್ಬರದೇ ಗಾಢ ನಿದ್ದೆ ವರ್ಷದಿಂದ ವರ್ಷಕ್ಕೆ ಎಷ್ಟು ಇಳಿಯಿತು ಎಂಬುದನ್ನು, ಅದೂ ವಿದ್ಯುದಗ್ರ ಹಚ್ಚಿ. ವರ್ಷಕ್ಕೆ ಶೇ. 1ರಷ್ಟು ಇಳಿಕೆಗೆ ಡಿಮೆನ್ಶಿಯಾ ಅಪಾಯ ಶೇ. 27 ಹೆಚ್ಚಿತ್ತು. ನಿಮ್ಮ ಗಡಿಯಾರದ 40 ನಿಮಿಷಕ್ಕೂ ಈ 27ಕ್ಕೂ ಯಾವ ಸಂಬಂಧವೂ ಇಲ್ಲ.

ಮಿದುಳಬಳ್ಳಿ

ಒಂದು ಬಿಟ್ಟುಹೋಯಿತು. ನಿದ್ದೆಯ ತೊಂದರೆಗಳಲ್ಲಿ ಮಿದುಳಿನ ಕಾಯಿಲೆಯನ್ನು ಅತಿ ಖಚಿತವಾಗಿ ಮುನ್ಸೂಚಿಸುವುದು ಗಂಟೆಯೂ ಅಲ್ಲ, ಗೊರಕೆಯೂ ಅಲ್ಲ. ಕನಸಿನಲ್ಲಿ ಕೈಕಾಲು ಬೀಸುವುದು, ಗುದ್ದುವುದು, ಕೂಗುವುದು. ಇದು ರೆಮ್ ನಿದ್ದೆಯ ನಡವಳಿಕೆ ತೊಂದರೆ. ಕನಸಿನ ಹೊತ್ತಿನಲ್ಲಿ ಮಿದುಳುಕಾಂಡ ಸ್ನಾಯುಗಳನ್ನು ಕಟ್ಟಿಹಾಕಬೇಕು, ಆ ಕಟ್ಟು ಸಡಿಲವಾಗಿರುತ್ತದೆ. 2019ರಲ್ಲಿ 24 ಕೇಂದ್ರಗಳ 1,280 ರೋಗಿಗಳನ್ನು ಸೇರಿಸಿ ನೋಡಿದಾಗ ವರ್ಷಕ್ಕೆ ಶೇ. 6.3 ಮಂದಿಯಂತೆ, 12 ವರ್ಷದಲ್ಲಿ ಸುಮಾರು ಶೇ. 73 ಮಂದಿಗೆ ಪಾರ್ಕಿನ್‌ಸನ್, ಲೆವಿ ಬಾಡಿ ಡಿಮೆನ್ಶಿಯಾ ಅಥವಾ ಅಂಥದೇ ಕಾಯಿಲೆ ಬಂತು.

ನಿದ್ದೆಯಲ್ಲಿ ನಡೆಯುವ ರೋಗದಿಂದ ಇದನ್ನು ಬೇರ್ಪಡಿಸುವುದು ಸುಲಭ. ಆ ನಡಿಗೆ ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ, ಕಣ್ಣು ತೆರೆದು, ಎಬ್ಬಿಸಿದರೆ ಗಲಿಬಿಲಿ. ಇದು ಬೆಳಗಿನ ಜಾವದ ಕಡೆ, ಕಣ್ಣು ಮುಚ್ಚಿ, ಎಬ್ಬಿಸಿದರೆ ತಕ್ಷಣ ಎಚ್ಚೆತ್ತು ಕನಸು ಹೇಳುತ್ತಾರೆ. ತೀವ್ರ ಆಪ್ನಿಯಾದಲ್ಲೂ ಹೀಗೆ ಒದೆಯಬಹುದು, ಕೆಲವು ಖಿನ್ನತೆಯ ಮಾತ್ರೆಗಳೂ ಇದನ್ನು ಎಬ್ಬಿಸುತ್ತವೆ. ಆದ್ದರಿಂದ ವಿಡಿಯೊ ಸಹಿತದ ನಿದ್ದೆ ಪರೀಕ್ಷೆ ಇಲ್ಲದೆ ಹಣೆಪಟ್ಟಿ ಹಚ್ಚಬಾರದು. ಅಲ್ಲಿಯವರೆಗೆ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಪಕ್ಕದ ಮೇಜು, ಗಾಜು ತೆಗೆಯಿರಿ, ಜೊತೆಗೆ ಮಲಗುವವರು ಬೇರೆ ಹಾಸಿಗೆಗೆ ಹೋಗಲಿ. ನರರೋಗ ತಜ್ಞರ ಬಳಿ ಹೋಗುವಾಗ ಮೊಬೈಲಿನಲ್ಲಿ ಹಿಡಿದ ಎರಡು ನಿಮಿಷದ ದೃಶ್ಯ ಮತ್ತು ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ವಾಸನೆ ತಿಳಿಯುವುದು ಕಡಿಮೆಯಾಗಿದೆಯೇ, ಮಲಬದ್ಧತೆ ಇದೆಯೇ, ಎದ್ದು ನಿಂತಾಗ ತಲೆ ಸುತ್ತುತ್ತದೆಯೇ ಎಂದು ಅವರು ಕೇಳುತ್ತಾರೆ. ಮನೆಯವರನ್ನು ಕೇಳಿ ಮೊದಲೇ ಬರೆದುಕೊಂಡು ಹೋಗಿ.